ನೋಟದಲ್ಲಿ ಕಣ್ಣಿನ ಪಾಲೆಷ್ಟು?

17ನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಕುರಿತ ನಮ್ಮ ಲೇಖನ ಓದಿದ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: “ಇಂದ್ರಿಯಗಳನ್ನು ನಂಬಬಹುದೇ ಎಂಬ ಪ್ರಶ್ನೆ ಎದ್ದದ್ದು ಯುರೋಪಿನಲ್ಲಿ. ಅರಬ್ಬರು ಗ್ರೀಕರ ಗ್ರಂಥಗಳನ್ನು ಕಾಪಾಡಿ ದಾಟಿಸಿದರು, ಅಷ್ಟೇ ಅಲ್ಲವೇ?”

ಸಂಪಾದಕರ ಉತ್ತರ: ಖಂಡಿತ ಅಷ್ಟೇ ಅಲ್ಲ. ಓದಿಕೊಂಡವರಲ್ಲೂ ಈ ನಂಬಿಕೆ ಬೇರೂರಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಕಣ್ಣಿನಿಂದ ಹೊರಟ ಕಿರಣ ವಸ್ತುವನ್ನು ಮುಟ್ಟಿದಾಗ ಅದು ಕಾಣುತ್ತದೆ ಎಂದು ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್, ಟಾಲೆಮಿ ಹೇಳಿದ್ದರು (ನಮ್ಮ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ನಿಲುವೂ ಹೆಚ್ಚುಕಡಿಮೆ ಇದೇ). ವಸ್ತುವಿನ ರೂಪವೇ ಕಣ್ಣಿಗೆ ಬಂದು ತಲುಪುತ್ತದೆ ಎಂಬುದು ಅರಿಸ್ಟಾಟಲನ ಮತ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ತೀರಿಕೊಂಡ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈತಮ್ (ಸು. 965–1040) ಇವರೆಲ್ಲರನ್ನೂ ಪರೀಕ್ಷೆಗೊಡ್ಡಿದ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕಿನ ಛಾಯೆ ರೆಪ್ಪೆ ಮುಚ್ಚಿದ ಮೇಲೂ ಉಳಿಯುತ್ತದೆ. ಹಾಗಾದರೆ ಹೊರಗಿನಿಂದ ಬಂದ ಬೆಳಕೇ ಕಣ್ಣಿನ ಮೇಲೆ ಕೆಲಸ ಮಾಡುತ್ತಿರಬೇಕು. ಯೂಕ್ಲಿಡನ ರೇಖಾಗಣಿತವನ್ನು ಉಳಿಸಿಕೊಂಡು ಕಿರಣದ ದಿಕ್ಕನ್ನೇ ಆತ ತಿರುಗಿಸಿದ.

ಅದಕ್ಕಿಂತ ದೊಡ್ಡದು ಆತನ ಮುಂದಿನ ಹೆಜ್ಜೆ ಎಂದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣುವ ಗುಣಗಳು 22 ಎಂದು ಎಣಿಸಿ, ಬರಿಯ ಸಂವೇದನೆಗೆ ದಕ್ಕುವುದು ಬೆಳಕು, ಬಣ್ಣ ಎರಡೇ ಎಂದ. ದೂರ, ಗಾತ್ರ, ಚಲನೆ, ಅಷ್ಟೇಕೆ, ಚೆಲುವು ಕೂಡ ಮನಸ್ಸು ಹೋಲಿಸಿ, ನೆನಪಿಸಿಕೊಂಡು ತೀರ್ಮಾನಿಸುವಂಥವು. ಆ ತೀರ್ಮಾನ ಎಷ್ಟು ಬೇಗ ಆಗಿಬಿಡುತ್ತದೆಂದರೆ ಆದದ್ದೇ ನಮ್ಮ ಗಮನಕ್ಕೆ ಬಾರದು. ಇದಕ್ಕೆ ಆತ ಕೊಡುವ ಉದಾಹರಣೆ ಒಂದು ಮಗುವಿನದು: ಎರಡು ಸೇಬು ಮುಂದಿಟ್ಟರೆ ಅದು ಚೆಂದದ್ದನ್ನೇ ಎತ್ತಿಕೊಳ್ಳುತ್ತದೆ, ತಾನು ಹೋಲಿಸಿ ಆರಿಸಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ದೂರವನ್ನು ನಾವು ನೇರವಾಗಿ ಕಾಣುವುದಿಲ್ಲ ಎಂದು ಐರಿಷ್ ತತ್ವಜ್ಞಾನಿ ಬರ್ಕ್ಲಿ ವಾದಿಸಿದ್ದು 1709ರಲ್ಲಿ. ನೋಟದೊಳಗೆ ಅರಿವಿಗೆ ಬಾರದ ತೀರ್ಮಾನ ನಡೆಯುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೇಳಿದ್ದು 19ನೇ ಶತಮಾನದಲ್ಲಿ.

ಇಬ್ನ್ ಅಲ್-ಹೈತಮ್ ಎಡವಿದ್ದೂ ಉಂಟು. ಸಂವೇದನೆ ಹುಟ್ಟುವುದು ಕಣ್ಣಿನ ಮಸೂರದಲ್ಲಿ ಎಂದು ಭಾವಿಸಿದ್ದ. ಬಿಂಬ ಮೂಡುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದ (ರೆಟಿನಾ) ಮೇಲೆ ಎಂದು 1604ರಲ್ಲಿ ತೋರಿಸಿದವನು ಖಗೋಳವಿಜ್ಞಾನಿ ಕೆಪ್ಲರ್. ಅಷ್ಟರಲ್ಲಿ ನೋಟದ ಕುರಿತ ಇಬ್ನ್ ಅಲ್-ಹೈತಮನ ಗ್ರಂಥ ಲ್ಯಾಟಿನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಚ್ಚಾಗಿ (1572) ಮೂರು ದಶಕ ದಾಟಿತ್ತು.

ಇನ್ನು ನೀವು ಎತ್ತಿದ ಸಂಶಯದ ಮಾತು. ದೆಕಾರ್ತ್‌ಗಿಂತ ಐದು ಶತಮಾನ ಮೊದಲೇ ಪರ್ಷಿಯಾದ ಇಸ್ಲಾಮಿ ಚಿಂತಕ ಅಲ್-ಗಜಾಲಿ (1058–1111) ತನ್ನ ಆತ್ಮಕಥನದಲ್ಲಿ ಇದನ್ನು ಕೇಳಿಕೊಂಡಿದ್ದಾನೆ. ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ದಿನಾರ್ ನಾಣ್ಯದಷ್ಟು ಕಾಣುತ್ತದೆ, ಗಣಿತವೋ ಅದು ಭೂಮಿಗಿಂತ ದೊಡ್ಡದೆನ್ನುತ್ತದೆ. ಇಂದ್ರಿಯದ ಸುಳ್ಳನ್ನು ಬುದ್ಧಿ ಬಯಲು ಮಾಡಿದಂತೆ, ಬುದ್ಧಿಯ ಸುಳ್ಳನ್ನು ಬಯಲು ಮಾಡುವ ಇನ್ನೊಬ್ಬ ನ್ಯಾಯಾಧೀಶ ಏಕಿರಬಾರದು? ಈ ಪ್ರಶ್ನೆಯಿಂದ ಸುಮಾರು ಎರಡು ತಿಂಗಳು ಆತ ನರಳಿದ. ದೆಕಾರ್ತ್ ಇದನ್ನು ಓದಿದ್ದ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಹೊರಬಂದ ದಾರಿಗಳಂತೂ ಬೇರೆ ಬೇರೆ. ದೇವರು ವಂಚಕನಲ್ಲ, ಆದ್ದರಿಂದ ಸ್ಪಷ್ಟವಾಗಿ ತಿಳಿದದ್ದನ್ನು ನಂಬಬಹುದು ಎಂದು ದೆಕಾರ್ತ್ ತರ್ಕದಿಂದ ಸಾಧಿಸಲು ಹೊರಟ (1641). ಗಜಾಲಿಯಾದರೋ ತನ್ನನ್ನು ಎತ್ತಿದ್ದು ವಾದವಲ್ಲ, ದೇವರು ಎದೆಯೊಳಗೆ ಚೆಲ್ಲಿದ ಬೆಳಕು ಎಂದು ಬರೆದ. ಆ ಪುಟಗಳ ಕನ್ನಡ ಅನುವಾದವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಓದಿ ಮತ್ತೆ ಬರೆಯಿರಿ.