ಮೊಲೆಹಾಲು ಅನ್ನೋಕೆ ಇಲ್ಲದ ನಾಚಿಕೆ

ಓದುಗರ ಪತ್ರ: "ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಸ್ತ್ರೀಶಕ್ತಿ ಸಂಘದವರು ಸೇರಿ ಸಮುದಾಯ ಭವನದಲ್ಲಿ ಸ್ತನ ಕ್ಯಾನ್ಸರ್ ಜಾಗೃತಿ ಕಾರ್ಯಕ್ರಮ ಇಟ್ಕೊಂಡಿದ್ವಿ. ಊರಲ್ಲಿ ಮೂರು ಸಂಘ ಇದೆ, ಬಂದಿದ್ದು ಏಳೇ ಜನ. ಬ್ಯಾನರ್ ನೋಡಿ ಹುಡುಗರು ಕಿಸಕ್ ಅಂದ್ರು. ಬೇರೆ ಪದ ಹಾಕಬೇಕಿತ್ತಾ? ಇನ್ನೊಂದು, ಪಕ್ಕದ್ಮನೆ ಅಕ್ಕನಿಗೆ ಯುಗಾದಿಯಿಂದ ಗಂಟು ಇದೆಯಂತೆ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ: ಹೆಸರು ಹಾಕಿಲ್ಲಮ್ಮ, ನಿಶ್ಚಿಂತೆಯಿಂದಿರಿ.

ಪದದ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ನಮ್ಮ ಮನೇಲೂ ಪದದಿಂದಾನೇ ಎಡವಟ್ಟಾಗಿದ್ದು. ನಮ್ಮ ಚಿಕ್ಕಮ್ಮ ಒಂದು ಕ್ಲಿನಿಕ್ಕಿಗೆ ಒಬ್ಬರೇ ಹೋಗಿ, ಗಂಡಸು ಡಾಕ್ಟರ ಮುಂದೆ ಬಾಯಿ ಬರದೆ, "ಎದೇಲಿ ಏನೋ ಇದ್ದಂಗಿದೆ ಸಾರ್" ಅಂದ್ರಂತೆ. ಅವರು ಇಸಿಜಿ ತೆಗೆಸಿ, ಹಾರ್ಟ್ ಚೆನ್ನಾಗಿದೆ, ಗ್ಯಾಸ್ ಇರಬೇಕು ಅಂತ ಮಾತ್ರೆ ಬರೆದುಕೊಟ್ರು. ಚಿಕ್ಕಮ್ಮ ಆ ಇಸಿಜಿ ಚೀಟಿನ ರೇಷನ್ ಕಾರ್ಡಿನ ಕವರಲ್ಲಿ ಮಡಚಿಟ್ಟುಕೊಂಡು, ಡಾಕ್ಟರಿಗೆ ತೋರಿಸಾಯ್ತಲ್ಲ ಅನ್ನೋ ಧೈರ್ಯದಲ್ಲಿ ಇನ್ನೂ ಎಂಟು ತಿಂಗಳು ತಳ್ಳಿದ್ರು. ಗಂಟು ಅನ್ನೋ ಒಂದು ಮಾತು ಅವತ್ತು ಬಾಯಿಂದ ಬಂದಿದ್ರೆ ಸಾಕಾಗಿತ್ತು.

ಯೋಚಿಸಿ ನೋಡಿ, ಮೊಲೆಹಾಲು ಅಂತ ಅತ್ತೆ ಮಾವನ ಮುಂದೆ, ಜಗಲಿ ಮೇಲೆ ಕೂತು ಜೋರಾಗಿ ಹೇಳ್ತೀವಿ, ಅದರಲ್ಲಿ ಕೊನೆ ಎರಡಕ್ಷರ ತೆಗೆದುಬಿಟ್ರೆ ನಾಲಿಗೆ ಬಿದ್ದುಹೋಗುತ್ತೆ. ಸ್ತನ ಅನ್ನೋದು ಪುಸ್ತಕದ ಪದ, ಎದೆ ಅಂದ್ರೆ ಹಾರ್ಟಿಗೆ ಹೋಗುತ್ತೆ. ಇನ್ನೊಂದು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ಹಸು ಕೆಚ್ಚಲು ಒಂದು ಕಡೆ ಗಟ್ಟಿಯಾಗಿದ್ರೆ ಹಾಲು ಕರೆಯೋವಾಗ್ಲೇ ಕೈಗೆ ಗೊತ್ತಾಗಿ ಅವತ್ತೇ ಪಶು ಡಾಕ್ಟರಿಗೆ ಫೋನ್ ಹೋಗುತ್ತೆ, ನಮ್ಮ ಮೈಗೆ ಮಾತ್ರ ಯುಗಾದಿ ಹೋಗಿ ದೀಪಾವಳಿ ಬಂದ್ರೂ ಟೈಮ್ ಬರಲ್ಲ.

ಹಾಗಾಗಿ ಬ್ಯಾನರೇ ಬೇಡ ಅಂತೀನಿ. ಮೈಕು, ಶಾಲು, ಅಧ್ಯಕ್ಷರ ಭಾಷಣ ಯಾವುದೂ ಬೇಡ. ಸಂಘದ ವಾರದ ಕಂತು ಕಟ್ಟೋಕೆ ಹೆಂಗಸರು ಹೇಗಿದ್ರೂ ಸೇರ್ತಾರಲ್ಲ, ಅಲ್ಲೇ ಬಾಗಿಲು ಮುಂದೆ ಮಾಡಿ ಆಶಾ ಕಾರ್ಯಕರ್ತೆನೋ ನರ್ಸಮ್ಮನೋ ಕೂತು ಇಪ್ಪತ್ತು ನಿಮಿಷ ಮಾತಾಡಲಿ. ಏನು ಹೇಳ್ಬೇಕು ಅಂದ್ರೆ, ನೋವಿಲ್ಲದ ಗಂಟನ್ನೇ ಮೊದಲು ತೋರಿಸಿ ಅಂತ, "ನೋಯ್ತಿಲ್ವಲ್ಲ, ಇರ್ಲಿ ಬಿಡು" ಅನ್ನೋ ಮಾತೇ ಎಷ್ಟೋ ಜನರನ್ನ ಲೇಟ್ ಮಾಡೋದು. ಮೊಲೆತೊಟ್ಟು ಹೊಸದಾಗಿ ಒಳಗೆ ಎಳ್ಕೊಂಡ್ರೆ, ರಕ್ತದಂಥ ನೀರು ಬಂದ್ರೆ, ಚರ್ಮ ಕಿತ್ತಳೆ ಸಿಪ್ಪೆ ಥರ ಗುಳಿ ಗುಳಿ ಆದ್ರೆ, ಕಂಕುಳಲ್ಲಿ ಗಡ್ಡೆ ಸಿಕ್ಕಿದ್ರೆ, ಇವೂ ಅಷ್ಟೇ. ಇದರ ಜೊತೇಲೇ, ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಅನ್ನೋದನ್ನೂ ಹೇಳಿ, ಇಲ್ಲಾಂದ್ರೆ ಹೆದರಿಕೊಂಡೇ ಮುಚ್ಚಿಡ್ತಾರೆ.

ಸ್ತನದ ಎಕ್ಸ್‌ರೇ ತೆಗೆಯೋ ಮ್ಯಾಮೋಗ್ರಾಮ್ ಮಿಷನ್ ನಮ್ಮ ಕಡೆ ಎಲ್ಲಿ ಅಂತ ಆ ಏಳು ಜನರಲ್ಲೇ ಒಬ್ಬರು ಕೇಳಿರ್ತಾರೆ. ಅವರಿಗೆ ಇದನ್ನ ಹೇಳಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ 20 ವರ್ಷ ಒಂದು ಅಧ್ಯಯನ ನಡೆಸಿದ್ರು. ಒಂದೂವರೆ ಲಕ್ಷ ಹೆಂಗಸರನ್ನ ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಂದ್ಸಲ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಬರೀ ಕೈಯಲ್ಲಿ ಪರೀಕ್ಷೆ ಮಾಡಿದ್ರು, ಮಿಷನ್ ಇಲ್ಲ ಏನಿಲ್ಲ. ಆ ಗುಂಪಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಇನ್ನೊಂದು ಗುಂಪಿಗಿಂತ ಹತ್ರ ಹತ್ರ ಶೇಕಡಾ 30 ಕಮ್ಮಿ ಆಯ್ತು. 50ರ ಒಳಗಿನವರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳ್ಬೇಕು. 30 ದಾಟಿದ ಹೆಂಗಸರಿಗೆ ಸರ್ಕಾರಿ ಆಸ್ಪತ್ರೇಲಿ ಈ ಕೈ ಪರೀಕ್ಷೆ ಮಾಡಬೇಕು ಅಂತಾನೇ ಕಾರ್ಯಕ್ರಮ ಇದೆ, ಕೇಳಿ ಮಾಡಿಸ್ಕೊಳ್ಳಿ. ಅಕ್ಟೋಬರ್ ಬಂದ್ರೆ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಅಂತ ಪಿಂಕ್ ರಿಬ್ಬನ್ ಕಟ್ಕೊಂಡು ಫೋಟೋ ಹಾಕೋದಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಈಗ ಪಕ್ಕದ್ಮನೆ ಅಕ್ಕ. ನಿಜ ಹೇಳ್ಬೇಕಂದ್ರೆ ನಿಮ್ಮ ಕಾಗದದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಬ್ಯಾನರಲ್ಲ, ಈ ಎರಡು ಸಾಲು. ಆಣೆ ಮುರೀಬೇಡಿ, ಯಾರಿಗೂ ಹೇಳ್ಬೇಡಿ, ಆದ್ರೆ ಜೊತೇಲಿ ಕರ್ಕೊಂಡು ಹೋಗಬಾರದು ಅಂತ ಆಣೆಯಲ್ಲಿಲ್ಲವಲ್ಲ. ಗಂಡನಿಗೆ ಸಂತೆಗೆ ಅಂತ ಹೇಳಿ ಹೊರಡಿ ಬೇಕಾದ್ರೆ (ಸಂಪಾದಕಿ ಸುಳ್ಳು ಹೇಳೋಕೆ ಕಲಿಸ್ತಾಳೆ ಅಂತ ಯಾರಾದ್ರೂ ಕಾಗದ ಬರೀಲಿ, ಪರವಾಗಿಲ್ಲ). ತಾಲ್ಲೂಕು ಆಸ್ಪತ್ರೇಲಿ ಲೇಡಿ ಡಾಕ್ಟರ್ ಬೇಕು ಅಂತ ಕೇಳಿ, ಅವರು ಕೈಲಿ ನೋಡ್ತಾರೆ, ಬೇಕಂದ್ರೆ ಸ್ಕ್ಯಾನಿಂಗು, ಅನುಮಾನ ಬಂದ್ರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಸೂಜಿ ಚುಚ್ಚಿದ್ರೆ ಹರಡುತ್ತೆ ಅಂತ ಊರಲ್ಲಿ ಯಾರಾದ್ರೂ ಅಂದೇ ಅಂತಾರೆ, ಅದು ಸುಳ್ಳು. ಅಲ್ಲಿಂದ ಮುಂದಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬರೆಸ್ಕೊಳ್ಳೋದು ಮರೀಬೇಡಿ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ರೇಷನ್ ಕಾರ್ಡು, ಆಧಾರ್ ಎರಡೂ ಇಟ್ಕೊಳ್ಳಿ. ಒಳಗೆ ಹೋಗೋ ಮುಂಚೆ ಅಕ್ಕನ ಕೈಲಿ ಒಂದ್ಸಲ ಬಾಯಿಬಿಟ್ಟು ಹೇಳಿಸಿ, "ಮೊಲೇಲಿ ಗಂಟು ಇದೆ, ಯುಗಾದಿಯಿಂದ ಇದೆ" ಅಂತ. ಅವರಿಗೆ ಆಗ್ಲಿಲ್ಲ ಅಂದ್ರೆ ನೀವೇ ಹೇಳಿ. ಸೋಮವಾರ ಬೆಳಗ್ಗೆನೇ ಹೋಗಿ, ಮುಂದಿನ ಕಾರ್ಯಕ್ರಮದ ಮಾತು ಆಮೇಲೆ ಆಡೋಣ.