ಆನ್‌ಲೈನಿನಲ್ಲಿ ಕಂಡ ‘ಮೇಜಿ ಕಾಲದ’ ಸೀಗಡಿ ಅಸಲಿಯೇ?

ಕಾಲು, ಮೀಸೆ, ಬಾಲ ಎಲ್ಲವನ್ನೂ ಆಡಿಸಬಹುದಾದ ಹಿತ್ತಾಳೆಯ ಸೀಗಡಿಯೊಂದನ್ನು ‘ಮೇಜಿ ಕಾಲದ (1868–1912) ಜಪಾನಿ ಕೆಲಸ’ ಎಂದು ನಲವತ್ತು ಸಾವಿರಕ್ಕೆ ಮಾರುತ್ತಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಹಳೆಯ ಲೋಹದ ವಸ್ತುಗಳ ದುರಸ್ತಿ ನನ್ನ ಕಸುಬು. ನೀವು ಹಾಕಿದ ಚಿತ್ರ ನೋಡಿದರೆ ನನಗೆ ಅನುಮಾನವೇ ಹೆಚ್ಚು.

‘ಜಿಜಾಯ್ ಒಕಿಮೊನೊ’ ಎನ್ನುವ ಈ ಕೀಲುಪ್ರಾಣಿಗಳು ಹುಟ್ಟಿದ್ದು ಯುದ್ಧಕವಚ ಮಾಡುವವರ ಕುಲುಮೆಯಲ್ಲಿ. ಅದಕ್ಕೂ ಹಿಂದಿನ ಎಡೊ ಕಾಲದಲ್ಲಿ (1603–1868) ಯುದ್ಧಗಳು ನಿಂತು ಕವಚಕ್ಕೆ ಗಿರಾಕಿ ಕುಗ್ಗಿದಾಗ, ಮ್ಯೋಚಿನ್ ಮನೆತನದವರು ಕಬ್ಬಿಣ ಬಡಿದು ತಗಡಿನ ಮೇಲೆ ತಗಡು ಜಾರುವಂತೆ ಜೋಡಿಸುವ ಅದೇ ಕೈಚಳಕವನ್ನು ಹಾವು, ಏಡಿ, ಡ್ರ್ಯಾಗನ್‌ಗಳಿಗೆ ತಿರುಗಿಸಿದರು. ಇಸವಿ ಕೆತ್ತಿರುವವುಗಳಲ್ಲಿ ಅತಿ ಹಳೆಯದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಡ್ರ್ಯಾಗನ್. 1713ರಲ್ಲಿ ಮ್ಯೋಚಿನ್ ಮುನೆಅಕಿ ಮಾಡಿದ್ದು. ಮೇಜಿ ಕಾಲದಲ್ಲಿ ಕ್ಯೋಟೊದ ತಕಾಸೆ ಕೋಜಾನ್ ಅಂಥವರು ಬೆಳ್ಳಿ, ತಾಮ್ರ, ಶಕುಡೊ (ತುಸು ಚಿನ್ನ ಬೆರೆಸಿದ ತಾಮ್ರ) ಇವುಗಳಲ್ಲಿ ಕೀಟಗಳನ್ನೂ ಮಾಡಿದರು. ವಿದೇಶಿ ಗಿರಾಕಿಗಳು ಮುಗಿಬಿದ್ದರು. ಮೈಯೆಲ್ಲ ಹಳದಿ ಹಿತ್ತಾಳೆ ಎಂದಾಗಲೇ ನನ್ನ ಹುಬ್ಬು ಏರಿದ್ದು ಇದಕ್ಕೇ.

ಸೀಗಡಿಯನ್ನು ಮಗುಚಿ ನೋಡಬೇಕು. ಬೆನ್ನು ಚೆಂದ ಮಾಡುವುದು ಯಾರಿಗೂ ಬರುತ್ತದೆ, ಹೊಟ್ಟೆಯಲ್ಲಿ ಬಂಡವಾಳ ಬಯಲಾಗುತ್ತದೆ. ಅಸಲಿಯಲ್ಲಿ ಒಂದೊಂದು ಪಟ್ಟಿಯೂ ತೆಳುವಾದ ತಗಡು, ಒಳಗೆ ಟೊಳ್ಳು. ಕಾಲಿನ ಗೆಣ್ಣುಗಳನ್ನು ಬೇರೆ ಬೇರೆಯಾಗಿ ಮಾಡಿ ಸಣ್ಣ ಮೊಳೆಯಿಂದ ಕೂಡಿಸಿರುತ್ತಾರೆ. ನಕಲಿಯಲ್ಲಿ ಎರಕದ ಗೆರೆ ಉಳಿದಿರುತ್ತದೆ, ಎತ್ತಿದರೆ ಗಾತ್ರಕ್ಕೆ ಮೀರಿದ ತೂಕ. ಬಾಲ ಮಡಚಿ ನೋಡಿ: ಜೀವಂತ ಸೀಗಡಿಯಂತೆ ಹೊಟ್ಟೆಯ ಕಡೆಗೆ ಸುರುಳಿಯಾಗಬೇಕು, ಬೆನ್ನಿನ ಕಡೆಗೆ ಪಟ್ಟಿಗಳೇ ತಡೆಯಬೇಕು. ಎತ್ತ ಬೇಕಾದರೂ ಜೋತುಬೀಳುವುದು ಕೀಗೊಂಚಲಿನ ಬುದ್ಧಿ.

ಸಹಿಯನ್ನು ಕೊನೆಗೆ ನೋಡಿ. ಸಹಿಯಿಲ್ಲದ ಒಳ್ಳೆಯ ಕೆಲಸಗಳು ಬೇಕಾದಷ್ಟಿವೆ. ಸುಳ್ಳು ಸಹಿ ಒತ್ತಲು ಒಂದು ನಿಮಿಷ ಸಾಕು.

ಇನ್ನೊಂದು ಮಾತು, ಮುಂದೆಂದಾದರೂ ಅಸಲಿಯನ್ನೇ ಕೊಂಡರೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಶಕುಡೊದ ನೀಲಿಗಪ್ಪು ಹೊಳಪನ್ನು ರಾಸಾಯನಿಕ ದ್ರಾವಣದಲ್ಲಿ ಕುದಿಸಿ ಬರಿಸಿರುತ್ತಾರೆ. ಹುಳಿ ತಾಗಿದರೆ ಹೋಯಿತು.

ಸದ್ಯಕ್ಕೆ ಮಾರಾಟಗಾರರಿಂದ ಹೊಟ್ಟೆಯ ಚಿತ್ರವನ್ನೂ ಬಾಲ ಮಡಚುವ ವಿಡಿಯೊವನ್ನೂ ತರಿಸಿಕೊಳ್ಳಿ. ಕಳಿಸಲು ಸತಾಯಿಸಿದರೆ ತೂಕದ ಹಿತ್ತಾಳೆಯ ಬೆಲೆಗೆ ಚೌಕಾಸಿ ಮಾಡಿ.