ಡಿಸ್ಕ್ ಶಸ್ತ್ರಚಿಕಿತ್ಸೆಯಾದ ನಾಯಿಯ ಆರೈಕೆ: ಕಾಲಿಗಿಂತ ಮೊದಲು ಮೂತ್ರಕೋಶ ನೋಡಿ

ನೀವು ಕೇಳಿರುವುದು ಇಷ್ಟು: ಐದು ವರ್ಷದ ಡ್ಯಾಶ್‌ಹಂಡ್‌ಗೆ ಬೆಂಗಳೂರಿನಲ್ಲಿ ಬೆನ್ನುಮೂಳೆಯ ಡಿಸ್ಕ್ (ಎರಡು ಮೂಳೆಗಳ ನಡುವಿನ ಮೆತ್ತೆ) ಶಸ್ತ್ರಚಿಕಿತ್ಸೆ ಆಗಿದೆ, ಈಗ ಹಾವೇರಿಯ ಮನೆಗೆ ಕರೆತಂದಿದ್ದೀರಿ, ಹಿಂಗಾಲುಗಳಿಗೆ ಇನ್ನೂ ಬಲ ಬಂದಿಲ್ಲ. ಕಾಲಿಗೆ ಯಾವ ವ್ಯಾಯಾಮ ಮಾಡಿಸಬೇಕು, ಎಣ್ಣೆ ತಿಕ್ಕಬಹುದೇ ಎಂದು ಕೇಳಿದ್ದೀರಿ. ನಾನು ಪಶುವೈದ್ಯೆಯಲ್ಲ. ಧಾರವಾಡದ ನಮ್ಮ ಮನೆಯ ಜೂಲಿಗೆ ಇದೇ ಶಸ್ತ್ರಚಿಕಿತ್ಸೆ ಆಗಿತ್ತು. ಅವಳನ್ನು ನಾನು ಮತ್ತು ಅವ್ವ ಸೇರಿ ನೋಡಿಕೊಂಡೆವು. ಆ ಅನುಭವದಿಂದಲೂ ಅವಳ ವೈದ್ಯರಿಂದ ಕಲಿತದ್ದರಿಂದಲೂ ಬರೆಯುತ್ತಿದ್ದೇನೆ.

ಕಾಲಿನ ಮಾತಿಗೆ ಆಮೇಲೆ ಬರುತ್ತೇನೆ. ನೀವು ಕೇಳದೆ ಬಿಟ್ಟಿರುವ ಪ್ರಶ್ನೆಯೊಂದಿದೆ, ಮೊದಲು ಅದು: ಅವನು ಮೂತ್ರ ಮಾಡುತ್ತಿದ್ದಾನೆಯೇ? ಹಾಸಿಗೆ ಒದ್ದೆಯಾಗುತ್ತಿದೆ, ಹಾಗಾದರೆ ಮಾಡುತ್ತಿದ್ದಾನೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಹಿಂಗಾಲುಗಳಿಗೆ ಹೋಗುವ ಸೂಚನೆ ಯಾವ ಬೆನ್ನುಹುರಿಯ ಮೂಲಕ ಸಾಗುತ್ತದೆಯೋ ಮೂತ್ರಕೋಶಕ್ಕೆ ಹೋಗುವ ಸೂಚನೆಯೂ ಅದರ ಮೂಲಕವೇ ಸಾಗಬೇಕು. ಡ್ಯಾಶ್‌ಹಂಡ್‌ಗಳಲ್ಲಿ ಡಿಸ್ಕ್ ಹೆಚ್ಚಾಗಿ ಜಾರುವುದು ಎದೆಯ ಬೆನ್ನು ಮುಗಿದು ಸೊಂಟದ ಬೆನ್ನು ಶುರುವಾಗುವ ಕಡೆ, ಕೊನೆಯ ಪಕ್ಕೆಲುಬುಗಳ ಹತ್ತಿರ. ಅಲ್ಲಿ ಹುರಿಗೆ ಪೆಟ್ಟಾದರೆ ಮೂತ್ರದ್ವಾರದ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ, ಮೂತ್ರಕೋಶ ತುಂಬುತ್ತಲೇ ಹೋಗುತ್ತದೆ, ತುಂಬಿ ತುಳುಕಿದ್ದು ಮಾತ್ರ ಹೊರಗೆ ಬರುತ್ತದೆ. ಹಾಸಿಗೆಯ ಮೇಲಿನ ಒದ್ದೆ ಹೀಗೆ ತುಳುಕಿದ್ದೂ ಆಗಿರಬಹುದು. ಹೀಗೆ ದಿನಗಟ್ಟಲೆ ಉಬ್ಬಿಕೊಂಡಿದ್ದರೆ ಮೂತ್ರಕೋಶದ ಗೋಡೆ ಸಂಕುಚಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಒಳಗೆ ನಿಂತ ಮೂತ್ರದಲ್ಲಿ ಸೋಂಕು ಹುಟ್ಟುತ್ತದೆ, ಅದು ಮೂತ್ರಪಿಂಡದವರೆಗೂ ಏರಬಹುದು. ಕಾಲು ತಡವಾಗಿ ಬಂದರೆ ಕಾಯಬಹುದು. ಮೂತ್ರಕೋಶದ ವಿಷಯದಲ್ಲಿ ಒಂದು ರಾತ್ರಿಯೂ ಕಾಯುವಂತಿಲ್ಲ.

ಹಾಗಾಗಿ ಅವನಿಗೆ ಹಿಡಿತ ಮರಳುವವರೆಗೆ ನೀವೇ ಕೈಯಿಂದ ಒತ್ತಿ ಮೂತ್ರ ತೆಗೆಯಬೇಕು. ದಿನಕ್ಕೆ ಮೂರು ನಾಲ್ಕು ಸಲ, ಎರಡರ ನಡುವೆ ಎಂಟು ಗಂಟೆಗಿಂತ ಹೆಚ್ಚು ಬಿಡದೆ. ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುನ್ನದ್ದು ನನ್ನದು, ನಸುಕಿನದ್ದು ಅವ್ವನದು ಎಂದು ಹಂಚಿಕೊಂಡಿದ್ದೆವು. ಒಬ್ಬರೇ ಹೊತ್ತರೆ ಒಂದು ವಾರದಲ್ಲಿ ಸೋತುಹೋಗುತ್ತಾರೆ. ನಿಮ್ಮ ಮನೆಯಲ್ಲೂ ಇನ್ನೊಬ್ಬರು ಕಲಿಯಲಿ.

ವಿಧಾನ ಹೀಗೆ. ಅವನನ್ನು ಪಕ್ಕಕ್ಕೆ ಮಲಗಿಸಿ, ಇಲ್ಲವೇ ಒಬ್ಬರು ಹಿಡಿದು ನಿಲ್ಲಿಸಲಿ. ಹಿಂಗಾಲುಗಳ ಸ್ವಲ್ಪ ಮುಂದೆ, ಹೊಟ್ಟೆಯ ಎರಡೂ ಬದಿಗೆ ಅಂಗೈಗಳನ್ನು ಇಡಿ. ಬೆರಳ ತುದಿಯಿಂದ ಚುಚ್ಚಬಾರದು, ಬೆರಳುಗಳನ್ನು ಚಪ್ಪಟೆಯಾಗಿಟ್ಟು ಮೆಲ್ಲಗೆ ಒಳಗೆ ತನ್ನಿ. ತುಂಬಿದ ಮೂತ್ರಕೋಶ ನೀರು ತುಂಬಿದ ಬಲೂನಿನಂತೆ ಕೈಗೆ ಸಿಗುತ್ತದೆ. ಸಿಕ್ಕ ಮೇಲೆ ಎರಡೂ ಕಡೆಯಿಂದ ಸಮನಾಗಿ, ಸ್ವಲ್ಪ ಬಾಲದ ಕಡೆಗೆ, ಒತ್ತಡವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹಾಗೆಯೇ ಹಿಡಿದಿರಿ. ಕೆಲವು ಕ್ಷಣಗಳ ನಂತರ ಸ್ನಾಯು ಸಡಿಲಗೊಂಡು ಧಾರೆ ಶುರುವಾಗುತ್ತದೆ. ಧಾರೆ ಹನಿಯಾಗುವವರೆಗೆ ಕೈ ಬಿಡಬೇಡಿ. ನಂತರ ಮತ್ತೊಮ್ಮೆ ತಡವಿ ನೋಡಿ, ಉಳಿದಿದ್ದರೆ ಮತ್ತೆ ಒತ್ತಿ. ಅರ್ಧ ಖಾಲಿ ಮಾಡಿ ಬಿಡುವುದೇ ಸೋಂಕಿಗೆ ದಾರಿ.

ಎಷ್ಟು ಒತ್ತಿದರೂ ಬಾರದಿದ್ದರೆ ಬಲ ಪ್ರಯೋಗಿಸಬೇಡಿ, ಮೂತ್ರಕೋಶಕ್ಕೆ ಪೆಟ್ಟಾಗಬಹುದು. ಆ ಬಿಗಿತವನ್ನು ಸಡಿಲಿಸುವ ಔಷಧಗಳಿವೆ, ಪ್ರಾಜೋಸಿನ್ ಅವುಗಳಲ್ಲಿ ಒಂದು, ವೈದ್ಯರನ್ನು ಕೇಳಿ. ಬರವಣಿಗೆಯಿಂದ ಇದನ್ನು ಪೂರ್ತಿ ಕಲಿಯಲಾಗದು. ನಿಮ್ಮ ಊರಿನ ಪಶುವೈದ್ಯರ ಬಳಿ ಹೋಗಿ, ಅವರ ಕೈಯನ್ನು ನಿಮ್ಮ ಕೈಯ ಮೇಲಿಟ್ಟು ಒತ್ತಿ ತೋರಿಸಲು ಕೇಳಿಕೊಳ್ಳಿ. ನನಗೆ ಕೈ ಹದ ಬಂದದ್ದು ಹಾಗೆಯೇ. ಕೇಳಲು ಸಂಕೋಚಪಡಬೇಡಿ, ಇದು ಅವರ ದೃಷ್ಟಿಯಲ್ಲಿ ಬಹಳ ಸಾಮಾನ್ಯ ಕೆಲಸ.

ಒಂದು ಮಾತು ಒತ್ತಿ ಹೇಳುತ್ತೇನೆ. ಹಾಸಿಗೆ ಒದ್ದೆಯಾಗುತ್ತದೆ ಎಂದು ನೀರು ಕುಡಿಸುವುದನ್ನು ಕಡಿಮೆ ಮಾಡಬೇಡಿ. ಮೂತ್ರ ಮಬ್ಬಾಗಿದ್ದರೆ, ರಕ್ತದ ಬಣ್ಣವಿದ್ದರೆ, ವಾಸನೆ ಬದಲಾದರೆ ಅದೇ ದಿನ ಪರೀಕ್ಷೆ ಮಾಡಿಸಿ. ಹಿಡಿತ ಮರಳುವ ಲಕ್ಷಣವನ್ನೂ ಗಮನಿಸುತ್ತಿರಿ: ಪ್ರತಿ ಸಲ ಒತ್ತುವ ಮುನ್ನ ಅವನನ್ನು ಹುಲ್ಲಿನ ಮೇಲೆ ಎತ್ತಿ ಹಿಡಿದು ಎರಡು ನಿಮಿಷ ಅವಕಾಶ ಕೊಡಿ. ಮೂಸಿ ನೋಡಿ ತಾನಾಗಿಯೇ ಧಾರೆ ಬಿಟ್ಟರೆ ಒಳ್ಳೆಯ ಸುದ್ದಿ. ಆದರೂ ಕೆಲವು ದಿನ ತಡವಿ ನೋಡಿ, ಒಳಗೆ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮಲದ ಬಗ್ಗೆ ಇಷ್ಟು ಚಿಂತೆ ಬೇಡ, ಅದು ಸಾಮಾನ್ಯವಾಗಿ ತಾನಾಗಿಯೇ ಆಗುತ್ತದೆ.

ಇನ್ನು ಹಾಸಿಗೆ. ದಪ್ಪ ಫೋಮ್, ಅದರ ಮೇಲೆ ಕೂಸುಗಳಿಗೆ ಹಾಸುವ ರಬ್ಬರ್ ಶೀಟ್, ಅದರ ಮೇಲೆ ಹಳೆಯ ಕೌದಿ. ನಮ್ಮ ಕಡೆಯ ಮನೆಗಳಲ್ಲಿ ಕೌದಿಗೆ ಬರವಿಲ್ಲ, ಮೂರು ನಾಲ್ಕನ್ನು ಇದಕ್ಕೆಂದೇ ಎತ್ತಿಡಿ, ಒಂದು ಒಗೆದು ಒಣಗುವಷ್ಟರಲ್ಲಿ ಇನ್ನೊಂದು ಬೇಕಾಗುತ್ತದೆ. ತಾನಾಗಿ ಹೊರಳಲಾರದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಪಕ್ಕದ ಮೂಳೆ, ಮೊಣಕೈ, ಹಿಮ್ಮಡಿಯ ಕಡೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಹೊಟ್ಟೆಯ ಕೆಳಭಾಗವನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಹೊಲಿಗೆಗೆ ಮಾತ್ರ ನೀರು ತಾಗಬಾರದು. ಡೈಪರ್ ಹಾಕಿದರೆ ಗಂಟೆಗಟ್ಟಲೆ ಹಾಗೆಯೇ ಬಿಡಬೇಡಿ. ಮತ್ತು ನೊಣ. ಒದ್ದೆ ಚರ್ಮದ ಮೇಲೆ, ಹುಣ್ಣಿನ ಮೇಲೆ ನೊಣ ಮೊಟ್ಟೆಯಿಟ್ಟರೆ ಹುಳು ಬೀಳುತ್ತದೆ. ಹಗಲಿನಲ್ಲೂ ಸೊಳ್ಳೆ ಪರದೆ ಕಟ್ಟಿರಿ. ಬೇಸಿಗೆಯಾದರೆ ಬಿಸಿಲು ಸರಿದ ಹಾಗೆ ಅವನ ಜಾಗವನ್ನು ನೀವೇ ಸರಿಸಬೇಕು, ಅವನು ಎದ್ದು ನೆರಳಿಗೆ ಹೋಗಲಾರ.

ಕಟ್ಟುನಿಟ್ಟಾದ ವಿಶ್ರಾಂತಿ ಕಡಿಮೆಯೆಂದರೂ ನಾಲ್ಕು ವಾರ ಬೇಕು, ಕೆಲವು ವೈದ್ಯರು ಆರರಿಂದ ಎಂಟು ವಾರ ಹೇಳುತ್ತಾರೆ. ನಿಮ್ಮ ಶಸ್ತ್ರಚಿಕಿತ್ಸಕರು ಹೇಳಿದ್ದೇ ಅಂತಿಮ. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಮೂಳೆಯ ಒಂದು ಬದಿಯಲ್ಲಿ ಕಿಂಡಿ ಕೊರೆದು ಹುರಿಯನ್ನು ಒತ್ತುತ್ತಿದ್ದ ಡಿಸ್ಕಿನ ಚೂರುಗಳನ್ನು ತೆಗೆದಿರುತ್ತಾರೆ. ಸುತ್ತಲಿನ ಸ್ನಾಯು, ಕತ್ತರಿಸಿದ ಮೂಳೆ ಮಾಯಬೇಕು. ವಿಶ್ರಾಂತಿ ಎಂದರೆ ಕೋಣೆಯ ಬಾಗಿಲು ಹಾಕಿ ಬಿಡುವುದಲ್ಲ, ಪಂಜರ. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ದೊಡ್ಡದು, ಓಡಲು ಜಿಗಿಯಲು ಆಗದಷ್ಟು ಚಿಕ್ಕದು. ಅದನ್ನು ಹಿತ್ತಲಿನಲ್ಲಿ ಇಡಬೇಡಿ, ಪಡಸಾಲೆಯಲ್ಲಿ ಜನರ ನಡುವೆ ಇಡಿ. ನಾಯಿಗೆ ಪಂಜರಕ್ಕಿಂತ ಒಂಟಿತನ ಹೆಚ್ಚು ಕಷ್ಟ. ಬಾಗಿಲ ಗಂಟೆ ಕೇಳಿದರೆ ಎಗರುವವನಾದರೆ ಗಂಟೆಯನ್ನೇ ಕೆಲವು ವಾರ ನಿಲ್ಲಿಸಿಬಿಡಿ. ನೋಡಲು ಬರುವ ನೆಂಟರಿಗೆ ಫೋನಿನಲ್ಲೇ ಹೇಳಿ. ಯಾರು ಬಂದರೂ ಬಾಲ ಅಲ್ಲಾಡಿಸುತ್ತಾ ಇಡೀ ಮೈ ತಿರುಚುವ ನಾಯಿಗೆ ಅದೇ ಅಪಾಯ. ಮೂರನೆಯ ವಾರದಲ್ಲಿ ಅವನು ತೂರಾಡುತ್ತಾ ಎದ್ದು ನಿಂತಾಗ ಬಿಟ್ಟುಬಿಡೋಣ ಎಂದು ಮನೆಯವರೆಲ್ಲ ಕರುಣೆಯಿಂದ ಹೇಳುತ್ತಾರೆ. ಆಗಲೇ ಗಟ್ಟಿ ಮನಸ್ಸು ಬೇಕು.

ನೆಲದ ವಿಷಯ. ಶಹಾಬಾದ್ ಕಲ್ಲಾಗಲಿ ಟೈಲ್ಸ್ ಆಗಲಿ, ಬಲವಿಲ್ಲದ ಕಾಲು ಜಾರುತ್ತದೆ. ಜಮಖಾನ ಹಾಸಿದರೆ ಜಮಖಾನದ ಸಮೇತ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಇರುವ ಚಾಪೆ ಅಥವಾ ಯೋಗ ಮ್ಯಾಟ್ ಹಾಸಿ. ಹೊಸ್ತಿಲು, ಮೆಟ್ಟಿಲು, ಕಟ್ಟೆ ಎಲ್ಲ ಕಡೆ ಎತ್ತಿಕೊಂಡೇ ದಾಟಿಸಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿರಲಿ. ಕಂಕುಳಲ್ಲಿ ಹಿಡಿದು ಕೂಸಿನಂತೆ ಎತ್ತಬಾರದು.

ಈಗ ಕಾಲು. ಎಣ್ಣೆಯ ಬಗ್ಗೆ ನನ್ನ ಉತ್ತರ: ಬೆನ್ನಿಗೆ ಬೇಡವೇ ಬೇಡ. ನಮ್ಮ ಕಾಕಾ ಕೂಡ ಬಿಸಿ ಎಣ್ಣೆ ತಿಕ್ಕಿಸಿ ಎಂದು ಹಟ ಹಿಡಿದಿದ್ದರು, ಪ್ರೀತಿಯಿಂದಲೇ. ಆದರೆ ತೊಂದರೆ ಇರುವುದು ಹುರಿಯಲ್ಲಿ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ತಿಕ್ಕುವ ಒತ್ತಡ ಮಾತ್ರ ಹಸಿ ಗಾಯದ ಮೇಲೆ ಬೀಳುತ್ತದೆ. ವೈದ್ಯರು ಒಪ್ಪಿದ ಮೇಲೆ ಮಾಡಬಹುದಾದದ್ದು ಇದು: ಪಕ್ಕಕ್ಕೆ ಮಲಗಿಸಿ, ಮೇಲಿನ ಹಿಂಗಾಲಿನ ಬೆರಳು, ಹಿಮ್ಮಡಿ, ಮೊಣಕಾಲು, ಸೊಂಟದ ಕೀಲನ್ನು ಒಂದೊಂದಾಗಿ ಮೆಲ್ಲಗೆ ಮಡಚಿ ಬಿಚ್ಚುವುದು, ಹತ್ತು ಹದಿನೈದು ಸಲ, ದಿನಕ್ಕೆ ಎರಡು ಮೂರು ಬಾರಿ. ಎಲ್ಲಿ ಬಿಗಿಯುತ್ತದೆಯೋ ಅಲ್ಲಿಗೆ ನಿಲ್ಲಿಸಿ. ಇದರಿಂದ ನರ ಬೇಗ ಮಾಯುವುದಿಲ್ಲ, ಆದರೆ ನರ ಎಚ್ಚೆತ್ತಾಗ ಕೀಲು ಸೆಡೆತುಕೊಂಡಿರುವುದಿಲ್ಲ. ನಂತರ ಹಳೆಯ ಸೀರೆಯ ಅಗಲ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಹಾಕಿ ಹಿಂಭಾಗದ ಭಾರ ನೀವು ಹೊತ್ತು, ನಾಲ್ಕೂ ಪಾದ ಸರಿಯಾಗಿ ನೆಲಕ್ಕೆ ಊರುವಂತೆ ನಿಲ್ಲಿಸಿ. ಪಾದ ಮಗುಚಿ ಬೆರಳ ಮೇಲ್ಭಾಗ ಡಾಂಬರಿಗೆ ಉಜ್ಜಿದರೆ ರಕ್ತ ಬರುವವರೆಗೂ ಅವನಿಗೆ ತಿಳಿಯುವುದಿಲ್ಲ, ಆದ್ದರಿಂದ ಹುಲ್ಲು ಅಥವಾ ಚಾಪೆ ಮಾತ್ರ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಬಳಸಿ. ನೀರಿನಲ್ಲಿ ನಡೆಸುವುದು ಒಳ್ಳೆಯದು, ಆದರೆ ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಯ್ದ ಮೇಲೆ.

ನಡೆಯುತ್ತಾನೆಯೇ ಎಂಬ ಭಯ ನಿಮ್ಮ ಪ್ರತಿ ಸಾಲಿನಲ್ಲೂ ಕಾಣುತ್ತಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಬೆರಳನ್ನು ಇಕ್ಕಳದಿಂದ ಬಲವಾಗಿ ಹಿಸುಕಿದಾಗ ಅವನಿಗೆ ನೋವು ಗೊತ್ತಾಗುತ್ತಿತ್ತೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಗೊತ್ತಾಗುತ್ತಿದ್ದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಆ ನೋವೂ ಹೋಗಿದ್ದರೆ ಸುಮಾರು ಅರ್ಧದಷ್ಟು. ಕಾಲನ್ನು ಹಿಂದಕ್ಕೆಳೆದುಕೊಂಡ ಮಾತ್ರಕ್ಕೆ ನೋವು ತಿಳಿಯಿತು ಎಂದಲ್ಲ, ಅದು ಮೆದುಳಿಗೆ ತಿಳಿಯದೆಯೇ ಆಗುವ ಹುರಿಯ ಪ್ರತಿವರ್ತನೆ ಆಗಿರಬಹುದು. ತಿರುಗಿ ನೋಡಬೇಕು, ಕುಂಯ್ ಎನ್ನಬೇಕು. ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ನೀವು ನೋಡಬಹುದಾದದ್ದು ಬಾಲ: ನಿಮ್ಮ ದನಿ ಕೇಳಿ ಅಲ್ಲಾಡಿಸಿದರೆ ಮೆದುಳಿನ ಸೂಚನೆ ಕೆಳಗೆ ಇಳಿಯುತ್ತಿದೆ ಎಂದರ್ಥ. ಕೆಲವರದು ವಾರಗಳಲ್ಲಿ ಬರುತ್ತದೆ, ಕೆಲವರದು ತಿಂಗಳುಗಳಲ್ಲಿ. ಜೂಲಿಯ ಹಿಂಭಾಗ ಈಗಲೂ ಸ್ವಲ್ಪ ಓಲಾಡುತ್ತದೆ, ಅವಳಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡಿ ಎಂದು ಹೇಳುವವರು ನಿಮಗೂ ಸಿಗುತ್ತಾರೆ. ನಡೆಯಲಾಗದೆಯೇ ಗಾಲಿಗಾಡಿಯ ಮೇಲೆ ವರ್ಷಗಟ್ಟಲೆ ಚೆನ್ನಾಗಿ ಬದುಕುವ ನಾಯಿಗಳಿವೆ, ಅವಸರದ ತೀರ್ಮಾನ ಬೇಡ.

ಒಂದೇ ಒಂದು ಕೆಟ್ಟ ಸಾಧ್ಯತೆಯನ್ನು ಮುಚ್ಚಿಡದೆ ಹೇಳಬೇಕು. ನೋವಿನ ಅರಿವೇ ಹೋಗಿದ್ದ ನಾಯಿಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ, ಮೊದಲ ಒಂದೆರಡು ವಾರದೊಳಗೆ, ಬೆನ್ನುಹುರಿ ಕರಗುತ್ತಾ ಮೇಲಕ್ಕೆ ಹಬ್ಬುವುದುಂಟು. ಹಿಂಗಾಲು ಪೂರ್ತಿ ಜೋಲುಬೀಳುವುದು, ಹೊಟ್ಟೆಯ ಸ್ನಾಯು ಸಡಿಲವಾಗುವುದು, ಮುಂಗಾಲಿನ ಬಲವೂ ಕುಗ್ಗುವುದು, ಉಸಿರಾಟ ಕಷ್ಟವಾಗುವುದು ಅದರ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾಗಿದ್ದರೂ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ. ಹೊಲಿಗೆಯ ಜಾಗ ಊದಿ ಕೀವು ಬಂದರೂ, ವಾಂತಿ ಅಥವಾ ಕಪ್ಪು ಮಲ ಆದರೂ ತಡಮಾಡಬೇಡಿ.

ಔಷಧ: ಮೆಡಿಕಲ್ ಅಂಗಡಿಯಿಂದ ಮನುಷ್ಯರ ನೋವಿನ ಮಾತ್ರೆ, ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ಹಾಕಬೇಡಿ. ನೋವು, ಉರಿಯೂತಕ್ಕೆ ವೈದ್ಯರು ಬರೆದ ಮೆಲಾಕ್ಸಿಕಾಮ್ ಕೊಡುತ್ತಿರುವಾಗ ಇನ್ನೊಬ್ಬ ವೈದ್ಯರು ಸ್ಟಿರಾಯ್ಡ್ ಬರೆದರೆ ಮೊದಲಿನ ಚೀಟಿ ತೋರಿಸಿ, ಎರಡೂ ಒಟ್ಟಿಗೆ ಹೋಗಬಾರದು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ದ್ರವರೂಪದಲ್ಲಿ ತರುವುದಾದರೆ ಅದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇಲ್ಲವೆಂದು ಲೇಬಲ್ ಓದಿ, ಅದು ನಾಯಿಗೆ ವಿಷ. ಗ್ಯಾಬಪೆಂಟಿನ್ ಅನ್ನು ತಟ್ಟನೆ ನಿಲ್ಲಿಸಲೂ ಬಾರದು. ಊಟ ಮೊದಲಿಗಿಂತ ಕಡಿಮೆ ಇರಲಿ, ಕರುಣೆಗೆಂದು ಪೇಡೆ, ತುಪ್ಪ ಹಚ್ಚಿದ ರೊಟ್ಟಿ ಬೇಡ. ತೂಕ ಹೆಚ್ಚಿದಷ್ಟೂ ಎದ್ದು ನಿಲ್ಲುವುದು ಕಷ್ಟ.

ಹೊಲಿಗೆ ಬಿಚ್ಚಲು, ಮೂತ್ರ ಪರೀಕ್ಷೆಗೆ ಮತ್ತೆ ಬೆಂಗಳೂರಿನವರೆಗೆ ಕಾರಿನಲ್ಲಿ ಕುಲುಕಿಸಿಕೊಂಡು ಹೋಗಬೇಕೇ ಎಂದು ಅಲ್ಲಿಯವರನ್ನೇ ಕೇಳಿ. ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ, ಅದು ಹಾವೇರಿಯಲ್ಲೇ ಆಗುವ ಕೆಲಸ. ಹತ್ತಿರದಲ್ಲಿ ಹೆಚ್ಚಿನ ಸಲಹೆ ಬೇಕೆನಿಸಿದರೆ ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಎರಡು ಮೂಳೆಗಳ ನಡುವಿನ ಡಿಸ್ಕ್ ಎಂದು ಬರೆದಿದ್ದಾರೆ, ನೋವಿನ ಅರಿವು ಇತ್ತೆಂದು ಬರೆದಿದ್ದಾರೆಯೇ, ನೋಡಿ ಇಲ್ಲಿ ತಿಳಿಸಿ. ಸೊಂಟದ ಕೆಳಭಾಗದ ಡಿಸ್ಕ್ ಆಗಿದ್ದರೆ ಮೂತ್ರಕೋಶ ಬಿಗಿಯಾಗಿರದೆ ಸಡಿಲವಾಗಿರುತ್ತದೆ, ಸ್ವಲ್ಪ ಒತ್ತಿದರೂ ಖಾಲಿಯಾಗುತ್ತದೆ, ಸದಾ ಸೋರುತ್ತದೆ. ಹಾಗಿದ್ದರೆ ಮೇಲೆ ಹೇಳಿದ ಒತ್ತುವ ಬಲವೂ ಔಷಧವೂ ಬೇರೆಯಾಗುತ್ತದೆ. ಇವತ್ತು ರಾತ್ರಿ ಮಲಗುವ ಮುನ್ನ ಮಾತ್ರ ಒಮ್ಮೆ ಹೊಟ್ಟೆ ತಡವಿ ನೋಡಿ, ಗಟ್ಟಿಯಾಗಿ ಉಬ್ಬಿದ್ದು ನಿಮ್ಮಿಂದ ತೆಗೆಯಲು ಆಗದಿದ್ದರೆ ಬೆಳಗಿನವರೆಗೆ ಬಿಡದೆ ವೈದ್ಯರನ್ನು ಕರೆಯಿರಿ.